ನೀಚಸ್ಥಾನದ ಹೂವು

ನಮ್ಮೂರ ಕೆರೆಯ ಕೋಡಿ ದಾಟಿದರೆ ಕೆಳಗೆ ಒಂದು ಹಳ್ಳ. ಹಳ್ಳದ ಈ ದಡಕ್ಕೆ ನಮ್ಮ ಕೇರಿ, ಆ ದಡಕ್ಕೆ ಗದ್ದೆ. ಗದ್ದೆ ನಮ್ಮದಲ್ಲ. ನಡುವಿನ ಕೆಸರಿನಲ್ಲಿ ಉದ್ದುದ್ದ ಎಲೆಯ ಒಂದು ಗಿಡ ಗುಂಪು ಗುಂಪಾಗಿ ಬೆಳೆಯುತ್ತದೆ. ಅದು ಯಾರದ್ದೂ ಅಲ್ಲ. ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಎಲ್ಲ ತಿನ್ನುವ ಮೇಕೆ ಕೂಡ ಒಂದು ಸಲ ಮೂಸಿ ಮುಂದಕ್ಕೆ ಹೋಗುತ್ತದೆ. ಮಳೆ ಬಿದ್ದ ಮೇಲೆ ಎಲೆಗಳ ಪಕ್ಕದಿಂದ ದಪ್ಪನೆಯ ದಂಟು ಎದ್ದು ತುದಿಯಲ್ಲಿ ಬಿಳಿ ಹೂವಿನ ಗೊಂಚಲು ಬಿಡುತ್ತದೆ. ಸಂಜೆ ಅರಳಿ ರಾತ್ರಿಯೆಲ್ಲ ಘಮ್ ಅನ್ನುತ್ತದೆ. ಕೇರಿಗೆ ಕರೆಂಟು ಬರುವ ಮುಂಚೆ, ಕತ್ತಲಲ್ಲಿ ಹಳ್ಳ ಎಲ್ಲಿದೆ ಅಂತ ನಮಗೆ ಈ ವಾಸನೆಯಿಂದಲೇ ಗೊತ್ತಾಗುತ್ತಿತ್ತು.

ನಾವು ಇದಕ್ಕೆ ಕೆರೆ ಈರುಳ್ಳಿ ಅಂತಿದ್ದೆವು. ಪುಸ್ತಕದಲ್ಲಿ ಇದರ ಹೆಸರು ಕ್ರೈನಮ್. ಕುಟುಂಬ ಅಮರಿಲ್ಲಿಡೇಸಿ. ಈ ಗಿಡದ ಮೇಲೆ ಒಂದು ಲೇಖನ ಬರೆಯಬೇಕು ಅಂತ ನಲವತ್ತು ವರ್ಷದಿಂದ ಅಂದುಕೊಂಡು ಬಂದಿದ್ದೇವೆ. ನಾವು ಅಂದರೆ ಒಂದೇ ಕೇರಿಯಿಂದ ಹೊರಟು ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡ ನಾಲ್ಕು ಹುಡುಗರು. ಈಗ ಮೂವರಿದ್ದೇವೆ. ಈ ಲೇಖನವನ್ನು ನಿಜವಾಗಿ ಬರೆಯಬೇಕಾಗಿದ್ದವನು ನಾಲ್ಕನೆಯವನು. ಅವನು ಇಲ್ಲದ್ದರಿಂದ ನಾವು ಬರೆಯುತ್ತಿದ್ದೇವೆ.

1972ರಲ್ಲಿ ಬರ ಬಂತು. ಕೆರೆಯ ತಳ ಬಿರುಕು ಬಿಟ್ಟಿತು. ಅಪ್ಪ ಅವ್ವ ಎಲ್ಲ ಬರಪರಿಹಾರದ ಕೆಲಸಕ್ಕೆ ಜಲ್ಲಿ ಒಡೆಯಲು ಹೋಗುತ್ತಿದ್ದರು. ನಮಗಾಗ ಒಂಬತ್ತೋ ಹತ್ತೋ ವರ್ಷ. ಹಳ್ಳದ ಎಲೆಗಳು ಸೊರಗಿ ನೆಲಕ್ಕೆ ಅಂಟಿದ್ದವು. ಕೆಸರು ಇಟ್ಟಿಗೆಯಾಗಿತ್ತು. ಆದರೆ ಕೆಳಗೆ ಗೆಡ್ಡೆ ಇದೆ ಅಂತ ನಮಗೆ ಗೊತ್ತಿತ್ತು. ಹಾರೆ ತಂದು ಮೊಳಕಾಲುದ್ದ ಅಗೆದೆವು. ಮುಷ್ಟಿ ಗಾತ್ರದ ಗೆಡ್ಡೆ ಸಿಕ್ಕಿತು. ಬಿಡಿಸಿದರೆ ಈರುಳ್ಳಿಯ ಹಾಗೆಯೇ ಪದರದ ಮೇಲೆ ಪದರ. ಕೆಂಡದಲ್ಲಿ ಸುಟ್ಟು ತಿಂದೆವು. ಹಸಿವಿಗೆ ರುಚಿ ಗೊತ್ತಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಕಹಿ ಚೆನ್ನಾಗಿಯೇ ಗೊತ್ತಾಯಿತು. ಆದರೂ ನುಂಗಿದೆವು.

ಅರ್ಧ ತಾಸಿನಲ್ಲಿ ವಾಂತಿ ಶುರುವಾಯಿತು. ಕರುಳೇ ಬಾಯಿಗೆ ಬಂದ ಹಾಗೆ. ಅಜ್ಜಿ ಓಡಿ ಬಂದಳು. ಒಲೆ ಪಕ್ಕ ಬಿದ್ದಿದ್ದ ಸಿಪ್ಪೆ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಬೈದಳು, ಬೆನ್ನು ಸವರಿದಳು, ಎಲ್ಲಾ ಕಕ್ಕಿಸಿದಳು. ಆಮೇಲೆ ಉಪ್ಪು ಹಾಕಿದ ಅಂಬಲಿ ತಿಳಿ ಕುಡಿಸುತ್ತಾ ಹೇಳಿದಳು:

"ಮೂಸ್ ನೋಡಾಕಿಲ್ವೇನ್ರುಲಾ? ಈರುಳ್ಳಿ ಹೆಚ್ಚುದ್ರೆ ಕಣ್ಣಾಗೆ ನೀರ್ ಬತ್ತದೆ. ಇದ್ರಾಗೆ ಏನ್ ಬತ್ತದೆ? ಬರೀ ಲೋಳೆ. ಈರುಳ್ಳಿಗೆ ನೆಂಟನೇ, ಹೂವ ನೋಡುದ್ರೆ ಗೊತ್ತಾಯ್ತದೆ. ಅದೂ ಹಿಂಗೇ ಒಂದೇ ದಂಟಿನ ತಲೆ ಮ್ಯಾಲೆ ಗುಂಪಾಗಿ ಬಿಡ್ತದೆ. ನೆಂಟ ಅಂತ ಹೊಟ್ಟೆಗ್ ಹಾಕ್ಕತಾರಾ?"

ಅಜ್ಜಿ ಈರುಳ್ಳಿ ಹೊಲದಲ್ಲಿ ಕೂಲಿ ಮಾಡಿದವಳು. ಬೀಜಕ್ಕೆ ಬಿಟ್ಟ ಈರುಳ್ಳಿಯ ಹೂವನ್ನು ದಿನವಿಡೀ ಬಗ್ಗಿ ನೋಡಿದವಳು. ಹಾಗಂತ ಕೆರೆ ಈರುಳ್ಳಿ ಅವಳಿಗೆ ಕೆಟ್ಟ ಗಿಡವಾಗಿರಲಿಲ್ಲ. ಜಲ್ಲಿ ಒಡೆದು ಅಪ್ಪನ ಬೆರಳು ಊದಿಕೊಂಡಾಗ ಅದೇ ಗಿಡದ ಎಲೆಗೆ ಹರಳೆಣ್ಣೆ ಸವರಿ, ಕೆಂಡಕ್ಕೆ ಹಿಡಿದು ಬಾಡಿಸಿ ಸುತ್ತಿ ಕಟ್ಟುತ್ತಿದ್ದಳು. ಒಳಕ್ಕೆ ವಿಷ, ಹೊರಕ್ಕೆ ಔಷಧಿ. ಇದು ನಮ್ಮ ಮೊದಲನೇ ಸಸ್ಯಶಾಸ್ತ್ರದ ಪಾಠ.

ಎರಡನೇ ಪಾಠ ಕಾಲೇಜಿನಲ್ಲಾಯಿತು. ಜಿಲ್ಲಾ ಕೇಂದ್ರದ ಒಂದು ಕಾಲೇಜು. ವರ್ಷ 1980. ಸಸ್ಯಶಾಸ್ತ್ರದ ಲೆಕ್ಚರರು ಕ್ರೈನಮ್ ಪಾಠ ಮಾಡುವ ಹಿಂದಿನ ವಾರ, "ಹಳ್ಳಿ ಕಡೆಯವರು ಯಾರಾದ್ರೂ ಹೂ ತನ್ನಿ" ಅಂದರು. ಚಿತ್ರ ತೋರಿಸಿದರು. ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಹಳ್ಳದ ಗಿಡ ಪುಸ್ತಕದಲ್ಲಿ! ಶನಿವಾರ ಬಸ್ಸು ಹಿಡಿದು ಊರಿಗೆ ಹೋಗಿ, ಹನ್ನೆರಡು ದಂಟು ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಬಾಣಂತಿಯನ್ನು ಕರೆತಂದ ಹಾಗೆ ಜೋಪಾನವಾಗಿ ತಂದೆವು. ಇಡೀ ತರಗತಿಗೆ ಒಬ್ಬೊಬ್ಬರಿಗೆ ಒಂದೊಂದು ಹೂವು ಬಂತು. ನಾವು ಕೈಗೆ ಕೊಡಲು ಹೋದಾಗ ಕೆಲವರು "ಪೇಪರ್ ಮೇಲೆ ಇಡ್ರಿ" ಅಂದರು. ಇಟ್ಟೆವು.

ಲೆಕ್ಚರರು ಬ್ಲೇಡಿನಿಂದ ಹೂ ಸೀಳಿ ತೋರಿಸುತ್ತಾ ಹೇಳಿದರು: "ಓವರಿ ಈಸ್ ಇನ್‌ಫೀರಿಯರ್. ಕನ್ನಡದಲ್ಲಿ ಹೇಳೋದಾದ್ರೆ ನೀಚ. ನೀಚಸ್ಥಾನದ ಅಂಡಾಶಯ. ಈರುಳ್ಳಿದು ಸುಪೀರಿಯರ್, ಉಚ್ಚಸ್ಥಾನ. ಅದಕ್ಕೇ ಎರಡೂ ಒಂದೇ ಕುಟುಂಬ ಆಗೋದಿಲ್ಲ. ಈರುಳ್ಳಿ ಲಿಲಿಯೇಸಿ, ಇದು ಅಮರಿಲ್ಲಿಡೇಸಿ."

ಹಿಂದಿನ ಬೆಂಚಿನಿಂದ ಒಂದು ಮಾತು ಬಂತು: "ಅದಕ್ಕೇ ಇವ್ರೇ ತಂದವ್ರೆ."

ತರಗತಿ ನಕ್ಕಿತು. ಲೆಕ್ಚರರು ನಗಲಿಲ್ಲ. ನಗುವವರನ್ನು ತಡೆಯಲೂ ಇಲ್ಲ. ಬೋರ್ಡಿನ ಕಡೆ ತಿರುಗಿ ಹೂವಿನ ಸೂತ್ರ ಬರೆಯತೊಡಗಿದರು. ಆಗ ನಮ್ಮ ನಾಲ್ಕನೆಯವನು ಎದ್ದು ನಿಂತ. "ಸಾರ್, ಕೆಳಗಿದ್ರೆ ಕೆಳಗಿದೆ ಅನ್ನಿ. ನೀಚ ಅಂತ ಯಾಕೆ?" ಅಂದ. ಅವರು ತಿರುಗದೆ, "ಪುಸ್ತಕದಲ್ಲಿ ಹಾಗೇ ಇದೆ, ಕೂತ್ಕೊಳಪ್ಪ" ಅಂದರು.

ಆ ವಾರವೇ ನಾವು ತಂದ ಗಿಡಗಳಲ್ಲಿ ಒಂದನ್ನು ಒಣಗಿಸಿ, ಹಾಳೆಗೆ ಅಂಟಿಸಿ ಕಾಲೇಜಿನ ಹರ್ಬೇರಿಯಮ್ಮಿಗೆ ಸೇರಿಸಿದರು. ಹಾಳೆಯ ಬಲಗಡೆ ಮೂಲೆಯಲ್ಲಿ ಒಂದು ಚೀಟಿ. ಶಾಸ್ತ್ರೀಯ ಹೆಸರು, ಕುಟುಂಬ, ಸ್ಥಳ, ದಿನಾಂಕ, ಸಂಗ್ರಹಿಸಿದವರು. ಸಂಗ್ರಹಿಸಿದವರು ಎಂಬಲ್ಲಿ ವಿಭಾಗದ ಹೆಸರಿತ್ತು. ಸ್ಥಳೀಯ ಹೆಸರು ಎಂಬ ಜಾಗ ಖಾಲಿ. ನಾಲ್ಕನೆಯವನು ಅಲ್ಲಿ ಪೆನ್ಸಿಲಿನಿಂದ, "ಕೆರೆ ಈರುಳ್ಳಿ. ಹೇಳಿಕೊಟ್ಟವರು: ನಮ್ಮಜ್ಜಿ" ಅಂತ ಬರೆದ. ಮುಂದಿನ ವಾರ ನೋಡಿದರೆ ರಬ್ಬರಿನಲ್ಲಿ ಉಜ್ಜಿದ ಗುರುತು ಮಾತ್ರ ಇತ್ತು.

ಎರಡನೇ ವರ್ಷಕ್ಕೆ ಅವನು ಬರಲಿಲ್ಲ. ಆ ನಗುವಿನಿಂದಲೇ ಬಿಟ್ಟ ಅಂತ ನಾವು ಹೇಳಲಾರೆವು. ಮನೆಯಲ್ಲಿ ಜೀತದ ಸಾಲ ಇತ್ತು. ಜೀತ ರದ್ದು ಮಾಡುವ ಕಾನೂನು 1976ರಲ್ಲೇ ಬಂದಿತ್ತು, ಸಾಲ ಕೊಟ್ಟವನು ಅದನ್ನು ಓದಿರಲಿಲ್ಲ. ಆದರೆ ಅವನು ಊರಿಗೆ ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ ಆಡಿದ ಮಾತು ಸಾಲದ್ದಾಗಿರಲಿಲ್ಲ. "ಅದ್ಯಾಕೆ ನೀಚ ಅಂತ ಸರಿಯಾಗಿ ಓದಿ ತಿಳ್ಕಂಡು ನಂಗೂ ಹೇಳ್ರುಲಾ" ಅಂದಿದ್ದ.

ಓದಿದೆವು. ತಿಳಿದಿದ್ದನ್ನು ಈಗ ಹೇಳುತ್ತಿದ್ದೇವೆ. ಮೇಷ್ಟ್ರುಗಳು ದಯವಿಟ್ಟು ಒಂದು ಹೂವು ಮತ್ತು ಒಂದು ಬ್ಲೇಡು ಇಟ್ಟುಕೊಂಡು ಓದಬೇಕು.

ಬುಡದಿಂದ ಶುರುಮಾಡೋಣ. ನೆಲದೊಳಗಿನದನ್ನು ನಾವು ಗೆಡ್ಡೆ ಅನ್ನುತ್ತೇವೆ, ಶಾಸ್ತ್ರದವರು ಲಶುನ ಅನ್ನುತ್ತಾರೆ. ಅದರ ಪದರಗಳೆಲ್ಲ ಎಲೆಗಳ ಬುಡಗಳೇ. ಆಹಾರ, ನೀರು ತುಂಬಿಕೊಂಡು ದಪ್ಪಗಾಗಿರುತ್ತವೆ. ಎಲೆ ಒಣಗಿ ಹೋದರೂ ಗಿಡ ಬದುಕಿರುವುದು ಈ ಬುತ್ತಿಯಿಂದ. ಬೇರುಗಳಲ್ಲಿ ಕೆಲವು ಉಂಗುರ ಉಂಗುರವಾಗಿ ಸುಕ್ಕುಗಟ್ಟಿರುತ್ತವೆ. ಇವು ತಾವು ಕುಗ್ಗಿ ಗೆಡ್ಡೆಯನ್ನು ಮಣ್ಣಿನೊಳಕ್ಕೆ ಎಳೆದುಕೊಳ್ಳುತ್ತವೆ. 1972ರಲ್ಲಿ ನಾವು ಮೊಳಕಾಲುದ್ದ ಅಗೆದದ್ದು ಏಕೆ ಅಂತ ನಮಗೆ ಹತ್ತು ವರ್ಷ ಕಳೆದ ಮೇಲೆ ಅರ್ಥವಾಯಿತು.

ಗೆಡ್ಡೆಯ ವಿಷಕ್ಕೆ ಲೈಕೋರಿನ್ ಅಂತ ಹೆಸರು. 1877ರಲ್ಲಿ ಯುರೋಪಿನವರು ಇದೇ ಕುಟುಂಬದ ನಾರ್ಸಿಸಸ್ ಎಂಬ ಗಿಡದಿಂದ ಇದನ್ನು ಮೊದಲು ಬೇರ್ಪಡಿಸಿದರು. ನಮ್ಮನ್ನು ವಾಂತಿ ಮಾಡಿಸಿದ್ದು ಇದೇ. ಮೇಕೆ ಮೂಸಿ ಬಿಡುವಂಥ ಗಿಡ ಕೆಸರಿನಲ್ಲಿ ಕಾವಲಿಲ್ಲದೆ ಉಳಿಯಲು ಈ ವಿಷವೇ ನೆರವು. ಇದೇ ಕುಟುಂಬದ ಇನ್ನೊಂದು ಗಿಡ, ಹಿಮದ ನಾಡಿನ ಸ್ನೋಡ್ರಾಪ್. ಅದರಲ್ಲಿ ಸಿಕ್ಕ ಗ್ಯಾಲಂಟಮೈನ್ ಎಂಬ ವಸ್ತುವನ್ನು ಮುಪ್ಪಿನ ಮರೆವಿನ ರೋಗಕ್ಕೆ ಔಷಧಿಯಾಗಿ 2001ರಲ್ಲಿ ಅಮೆರಿಕ ಒಪ್ಪಿತು. ಮಕ್ಕಳಿಗೆ ಮಾತ್ರ ಮೊದಲೇ ಹೇಳಿ: ಗೆಡ್ಡೆ ಬಾಯಿಗೆ ಹಾಕಬಾರದು.

ಎಲೆ ಎರಡು ಮೂರು ಅಡಿ ಉದ್ದ, ಒಂದು ಇಂಚಿನಷ್ಟು ಅಗಲ, ನಡುವೆ ಕಾಲುವೆಯಂತೆ ತಗ್ಗು. ನಮ್ಮ ಹಳ್ಳದ ಜಾತಿಗೆ ಕ್ರೈನಮ್ ವಿವಿಪ್ಯಾರಮ್ ಎಂದು ಹೆಸರು. ಹಳೇ ಪುಸ್ತಕಗಳಲ್ಲಿ ಡಿಫಿಕ್ಸಮ್ ಎಂದಿರುತ್ತದೆ. ಪಟ್ಟಣದ ಪಾರ್ಕುಗಳಲ್ಲಿ, ರಸ್ತೆಗಳ ನಡುವಿನ ಪಟ್ಟಿಯಲ್ಲಿ ನೆಟ್ಟಿರುವ ಅಗಲ ಎಲೆಯ ದೊಡ್ಡ ಗಿಡ ಇದರ ಅಕ್ಕ, ಕ್ರೈನಮ್ ಏಷಿಯಾಟಿಕಮ್.

ಹೂವಿನ ದಂಟು ಎಲೆಗಳ ನಡುವಿನಿಂದ ಬರುವುದಿಲ್ಲ, ಪಕ್ಕದಿಂದ ಏಳುತ್ತದೆ. ಕತ್ತರಿಸಿದರೆ ಒಳಗೆ ಟೊಳ್ಳಿಲ್ಲ. ಮೊಗ್ಗುಗಳನ್ನೆಲ್ಲ ಎರಡು ತೆಳುವಾದ ಹಾಳೆಗಳು ಮುಚ್ಚಿಕೊಂಡಿರುತ್ತವೆ. ಅವು ಬಿಚ್ಚಿದಾಗ ಹತ್ತು ಹನ್ನೆರಡು ಹೂ ಒಂದೇ ಜಾಗದಿಂದ ಕೊಡೆಯ ಕಡ್ಡಿಗಳಂತೆ ಹೊರಡುತ್ತವೆ. ಒಂದೊಂದು ಹೂವಿಗೂ ಮೂರು ಇಂಚಿನಷ್ಟು ಉದ್ದದ ಕೊಳವೆ, ಅದರ ತುದಿಗೆ ಆರು ಬಿಳಿ ಎಸಳು. ಹೊರಗಿನ ಮೂರು, ಒಳಗಿನ ಮೂರು, ಎರಡೂ ಒಂದೇ ಬಣ್ಣ ಒಂದೇ ಆಕಾರ. ಆರು ಕೇಸರ, ಅವುಗಳ ಕಡ್ಡಿ ಕೆಂಪು, ತುದಿಯಲ್ಲಿ ಪರಾಗದ ಚೀಲ ತೊಟ್ಟಿಲಿನ ಹಾಗೆ ನಡುವೆ ತಗುಲಿಕೊಂಡು ತೂಗುತ್ತದೆ. ಸಿಹಿ ಇರುವುದು ಕೊಳವೆಯ ತಳದಲ್ಲಿ. ಅಷ್ಟುದ್ದ ನಾಲಿಗೆ ಇರುವುದು ರಾತ್ರಿ ಹಾರುವ ದೊಡ್ಡ ಪತಂಗಗಳಿಗೆ. ಬಿಳಿ ಬಣ್ಣ, ಕತ್ತಲಿನ ವಾಸನೆ ಎಲ್ಲ ಆ ನೆಂಟರಿಗಾಗಿ.

ಈಗ ಕೊಳವೆಯ ಕೆಳಗೆ ನೋಡಿ. ಹಸಿರಾಗಿ ಒಂದು ಉಬ್ಬು ಕಾಣುತ್ತದೆ. ಅಡ್ಡಕ್ಕೆ ಕತ್ತರಿಸಿ. ಒಳಗೆ ಮೂರು ಕೋಣೆ. ಇದೇ ಅಂಡಾಶಯ. ಇದರ ನೆತ್ತಿಯ ಮೇಲೆ ಕೊಳವೆ, ಎಸಳು, ಕೇಸರ ಎಲ್ಲ ನಿಂತಿವೆ. ಈರುಳ್ಳಿ ಹೂವಿನಲ್ಲಿ ಎಸಳುಗಳು ಅಂಡಾಶಯದ ಬುಡದಲ್ಲಿ ಹುಟ್ಟುತ್ತವೆ. ಇಲ್ಲಿ ಅದರ ತಲೆಯ ಮೇಲೆ ಹುಟ್ಟುತ್ತವೆ. ಇಷ್ಟೇ ವ್ಯತ್ಯಾಸ. ಇನ್‌ಫೀರಿಯರ್ ಅಂದರೆ ಲ್ಯಾಟಿನ್ನಿನಲ್ಲಿ ಕೆಳಗಿರುವುದು ಅಂತ. ಅದನ್ನು ಕನ್ನಡಕ್ಕೆ ತಂದವರ ಕೈಗೆ ಕೆಳಗೆ ಅನ್ನುವ ಮಾತು ಸಿಗಲಿಲ್ಲ, ನೀಚ ಅನ್ನುವ ಮಾತು ಸಿಕ್ಕಿತು. ಯಾವ ಮಾತು ಯಾರ ಕೈಗೆ ಸುಲಭವಾಗಿ ಸಿಗುತ್ತದೆ ಅನ್ನುವುದನ್ನು ಓದುಗರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೀಜ. ಎಸಳು ಬಾಡಿದ ಮೇಲೆ ಆ ಕೆಳಗಿನ ಉಬ್ಬೇ ಕಾಯಿಯಾಗುತ್ತದೆ. ಭಾರಕ್ಕೆ ದಂಟು ಬಾಗಿ ಕಾಯನ್ನು ನೆಲಕ್ಕೆ ಮುಟ್ಟಿಸುತ್ತದೆ. ಒಡೆದರೆ ಒಳಗೆ ದಪ್ಪನೆಯ ಹಸಿರು ಬೀಜ. ಎಲ್ಲ ಬೀಜಕ್ಕೂ ಸಿಪ್ಪೆ ಇರುತ್ತದೆ, ಕ್ರೈನಮ್ಮಿನ ಬೀಜಕ್ಕೆ ಸಿಪ್ಪೆಯೇ ಇಲ್ಲ. ಹೊರಗೆ ಬೆಂಡಿನಂಥ ಒಂದು ಪದರ ಇರುವುದರಿಂದ ನೀರಿನಲ್ಲಿ ತೇಲುತ್ತದೆ, ಹಳ್ಳ ಕೊಂಡೊಯ್ದ ಕಡೆ ನಿಲ್ಲುತ್ತದೆ. ಮೊಳೆಯಲು ಮಣ್ಣೂ ಬೇಡ, ನೀರೂ ಬೇಡ. ಬೇಕಾದಷ್ಟು ತೇವ ಅದರೊಳಗೇ ಇದೆ. ಹಾಸ್ಟೆಲಿನ ಕಿಟಕಿಯಲ್ಲಿ ನಾವು ಮರೆತು ಇಟ್ಟಿದ್ದ ಬೀಜವೊಂದು ಬರೀ ಸಿಮೆಂಟಿನ ಮೇಲೆ ಬೆರಳುದ್ದ ಮೊಳಕೆ ಬಿಟ್ಟಿತ್ತು. ವಾರ್ಡನ್ ಬಂದರೂ ಅದನ್ನು ಎಸೆಯಲಿಲ್ಲ, ನಿಂತು ನೋಡಿ ಹೋದರು.

ಈಗ ಕುಟುಂಬದ ಪ್ರಶ್ನೆ. ನಮಗೆ ಕಲಿಸಿದ್ದು ಬೆಂಥಮ್ ಮತ್ತು ಹೂಕರ್ ಎಂಬ ಇಂಗ್ಲಿಷರು 1862ರಿಂದ 1883ರವರೆಗೆ ಬರೆದ ಗ್ರಂಥದ ಪದ್ಧತಿ. ಅದರಲ್ಲಿ ಅಂಡಾಶಯ ಮೇಲಿದ್ದ ಈರುಳ್ಳಿ ಒಂದು ಕಡೆ, ಕೆಳಗಿದ್ದ ಕ್ರೈನಮ್ ಇನ್ನೊಂದು ಕಡೆ. ಆದರೆ 1934ರಲ್ಲೇ ಹಚಿನ್ಸನ್ ಎಂಬ ಸಸ್ಯಶಾಸ್ತ್ರಜ್ಞ ತಕರಾರು ಎತ್ತಿದ್ದ. ಅಂಡಾಶಯದ ಜಾಗಕ್ಕಿಂತ ಹೂಗೊಂಚಲಿನ ರೀತಿ ಮುಖ್ಯ, ಬರೀ ದಂಟಿನ ತುದಿಯಲ್ಲಿ ಕೊಡೆಯ ಹಾಗೆ ಹೂ ಬಿಡುವವೆಲ್ಲ ಒಂದೇ ಬಳಗ ಅಂತ ಈರುಳ್ಳಿಯನ್ನು ಅಮರಿಲ್ಲಿಡೇಸಿಗೆ ಸೇರಿಸಿದ್ದ. ನಮ್ಮ ತರಗತಿಯ ಹೊತ್ತಿಗೆ ಆ ಮಾತು ಹಳೆಯದಾಗಿ 46 ವರ್ಷ ಆಗಿತ್ತು. ನಮಗೆ ಅದನ್ನು ಯಾರೂ ಹೇಳಲಿಲ್ಲ.

ಆಮೇಲೆ ಗಿಡಗಳ ವಂಶವಾಹಿಯನ್ನೇ ಓದುವ ವಿದ್ಯೆ ಬಂತು. ಅದರ ಆಧಾರದ ಮೇಲೆ 2009ರಲ್ಲಿ ವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ತಂಡ ಕುಟುಂಬಗಳನ್ನು ಹೊಸದಾಗಿ ಜೋಡಿಸಿತು. ಈರುಳ್ಳಿ, ಬೆಳ್ಳುಳ್ಳಿ, ಕ್ರೈನಮ್ ಎಲ್ಲ ಈಗ ಒಂದೇ ಕುಟುಂಬ, ಅಮರಿಲ್ಲಿಡೇಸಿ. ಅಂಡಾಶಯ ಕೆಳಗಿದೆ ಅನ್ನುವ ಕಾರಣಕ್ಕೆ ಹಿಂದೆ ಅದರೊಳಗಿದ್ದ ಸುಗಂಧರಾಜ ಈಗ ಹೊರಗೆ, ಶತಾವರಿಯ ಕುಟುಂಬದಲ್ಲಿದೆ. ಮೇಲೆ ಕೆಳಗೆ ಎಂಬ ಲೆಕ್ಕದಿಂದ ನೆಂಟಸ್ತನ ಹಿಡಿಯಲು ಹೋಗಿ ನೂರಾರು ವರ್ಷ ತಪ್ಪಿದ್ದರು. ಈರುಳ್ಳಿ ಹೊಲದಲ್ಲಿ ಬಗ್ಗಿ ನಿಂತು ಅಜ್ಜಿ ಕಂಡದ್ದು ಹಚಿನ್ಸನ್ ಕಂಡದ್ದೇ: ಒಂದೇ ದಂಟು, ಅದರ ತಲೆಯ ಮೇಲೆ ಗುಂಪು. ಅವಳು ವಿಜ್ಞಾನಿಯಾಗಿದ್ದಳು ಅಂತ ನಾವು ಬೊಗಳೆ ಬಿಡುತ್ತಿಲ್ಲ. ಅವಳು ಸರಿಯಾಗಿ ನೋಡಿದ್ದಳು, ಅಷ್ಟನ್ನೇ ಹೇಳುತ್ತಿದ್ದೇವೆ.

ಇನ್ನು ಚೀಟಿಯ ಮಾತು. ಗಿಡ ತೋರಿಸಿದವರ ಹೆಸರನ್ನು ಯಾರಾದರೂ ಬರೆದದ್ದುಂಟೇ ಅಂತ ಹುಡುಕಿದೆವು. ಪಕ್ಕದ ಮಲಬಾರಿನಲ್ಲಿ ಒಂದು ಉದಾಹರಣೆ ಸಿಕ್ಕಿತು. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಅಲ್ಲಿನ ಗಿಡಗಳ ಮೇಲೆ ಹೋರ್ಟಸ್ ಮಲಬಾರಿಕಸ್ ಎಂಬ 12 ಸಂಪುಟಗಳ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಕ್ರೈನಮ್ ಗಿಡಗಳು ಅದರ 11ನೇ ಸಂಪುಟದಲ್ಲಿ ಪೊಲತಾಳಿ ಎಂಬ ಮಲೆಯಾಳಿ ಹೆಸರಿನಲ್ಲಿವೆ. ಗಿಡಗಳ ಹೆಸರು, ಗುಣ ಹೇಳಿಕೊಟ್ಟ ಮುಖ್ಯ ವೈದ್ಯ ಇಟ್ಟಿ ಅಚ್ಯುತನ್, ಈಳವ ಜಾತಿಯವನು. ಆ ಕಾಲದ ಮಲಬಾರಿನಲ್ಲಿ ಮೇಲಿನವರು ದೂರ ನಿಲ್ಲಿಸುತ್ತಿದ್ದ ಜಾತಿ ಅದು. ಅವನು ತನ್ನ ಲಿಪಿಯಲ್ಲೇ 1675ರ ಏಪ್ರಿಲ್ 20ರಂದು ಬರೆದುಕೊಟ್ಟ ಹೇಳಿಕೆ ಮೊದಲನೇ ಸಂಪುಟದಲ್ಲಿ ಹಾಗೆಯೇ ಅಚ್ಚಾಗಿದೆ. ಮುಂದೆ 1753ರಲ್ಲಿ ಲಿನ್ನೇಯಸ್ ಎಂಬ ಸ್ವೀಡನ್ನಿನವನು, ಇಂಡಿಯಾವನ್ನು ಕಣ್ಣಿಂದ ಕಾಣದೆ, ನಮ್ಮ ಕಡೆಯ ಎಷ್ಟೋ ಗಿಡಗಳಿಗೆ ಲ್ಯಾಟಿನ್ ಹೆಸರಿಟ್ಟದ್ದು ಈ ಗ್ರಂಥದ ಚಿತ್ರ, ವಿವರಣೆಗಳ ಬಲದಿಂದ. ಅಚ್ಯುತನ್ ಹೆಸರು ಉಳಿಯಿತು. ಕಾಡಿಗೆ, ಕೆಸರಿಗೆ ಇಳಿದು ಗಿಡ ಕಿತ್ತು ಹೊತ್ತು ತಂದ ಆಳುಗಳ ಹೆಸರು ಆ 12 ಸಂಪುಟಗಳಲ್ಲೂ ಇಲ್ಲ.

ಅಮರಿಲ್ಲಿಸ್ ಅನ್ನುವುದು ಕೂಡ ಒಬ್ಬಳ ಹೆಸರೇ. ರೋಮಿನ ಕವಿ ವರ್ಜಿಲನ ಕಾವ್ಯದಲ್ಲಿ ಬರುವ ಕುರಿ ಕಾಯುವ ಹೆಣ್ಣು. ಪುಸ್ತಕದ ಕುರಿಗಾಹಿಯ ಹೆಸರನ್ನು ಲೋಕದ ಇಡೀ ಒಂದು ಸಸ್ಯಕುಟುಂಬ ಹೊತ್ತಿದೆ. ನಮಗೆ ಅದರ ಮೇಲೆ ಸಿಟ್ಟಿಲ್ಲ. ಹಳ್ಳದ ದಡದಲ್ಲಿ ಎಮ್ಮೆ ಕಾಯ್ದವರ ಹೆಸರಿಗೆ ಒಂದು ಚೀಟಿಯ ಮೂಲೆಯಲ್ಲಿ ಒಂದು ಗೆರೆ ಜಾಗ ಕೇಳುತ್ತಿದ್ದೇವೆ.

2009ರ ಸುದ್ದಿ ನಮಗೆ ತಲುಪುವ ಹೊತ್ತಿಗೆ ನಾಲ್ಕನೆಯವನು ತೀರಿಕೊಂಡಿದ್ದ. ಅವನಿಗೆ ಹೇಳಬೇಕಾಗಿದ್ದನ್ನು ಈಗ ನಿಮಗೆ ಹೇಳಿದ್ದೇವೆ.

ನಮ್ಮಲ್ಲೊಬ್ಬ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದ. ಅವನು ಪಾಠದಲ್ಲಿ ನೀಚ, ಉಚ್ಚ ಎಂಬ ಮಾತುಗಳನ್ನು ಬಿಟ್ಟಿದ್ದ. "ಎಸಳಿನ ಕೆಳಗಿನ ಅಂಡಾಶಯ, ಎಸಳಿನ ಮೇಲಿನ ಅಂಡಾಶಯ" ಅಂತ ಹೇಳುತ್ತಿದ್ದ. ಮಕ್ಕಳಿಗೆ ಬೇಗ ಅರ್ಥವಾಗುತ್ತಿತ್ತು, ಯಾರ ಮಾರ್ಕೂ ಕಮ್ಮಿಯಾಗಲಿಲ್ಲ. ಗಿಡ ಒಣಗಿಸಿ ಅಂಟಿಸಿದ ಹಾಳೆಯ ಚೀಟಿಯಲ್ಲಿ "ಹೇಳಿಕೊಟ್ಟವರು" ಅಂತ ಒಂದು ಗೆರೆ ಹೆಚ್ಚಿಗೆ ಎಳೆಸುತ್ತಿದ್ದ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ. ಸ್ಕೇಲು, ಪೆನ್ಸಿಲು ಸಾಕು.

ಮಳೆಗಾಲದಲ್ಲಿ ನಿಮ್ಮೂರ ಕೆರೆ ಕೋಡಿಗೆ, ಕಾಲುವೆ ಅಂಚಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಈ ಗಿಡ ಸಿಕ್ಕರೆ, ನಿಮ್ಮ ಕಡೆ ಇದಕ್ಕೆ ಏನಂತಾರೆ, ಯಾವುದಕ್ಕೆ ಬಳಸುತ್ತಾರೆ ಅಂತ ಕೇಳಿ ಈ ಪತ್ರಿಕೆಗೆ ಬರೆದು ಕಳಿಸಿ. ಹೇಳಿದವರ ಹೆಸರು, ಅವರ ಒಪ್ಪಿಗೆ ಕೇಳಿ, ಪೆನ್ಸಿಲಿನಲ್ಲಿ ಬೇಡ, ಇಂಕಿನಲ್ಲಿ ಬರೆಯಿರಿ.